ಹಿಮ ಕೂರದ ಪಾತಿ

ಬೇರೆ ಮನೆಗಳ ಅರ್ಧ ಬಾಡಿಗೆಗೆ ಎರಡು ಕೋಣೆ, ಅಡುಗೆಮನೆ, ಜೊತೆಗೆ ಇಷ್ಟುದ್ದದ ಹಿತ್ತಿಲು. ಬೀಜಕ್ಕೂ ಗುದ್ದಲಿಗೂ ಹೋದದ್ದು ನಾಲ್ಕಾರು ರವಿಕೆ ಹೊಲಿದ ಕಾಸು. ಹೇಗೆ ಲೆಕ್ಕ ಹಾಕಿದರೂ ದರ್ಜಿಯಮ್ಮನಿಗೆ ಲಾಭವೇ ಕಾಣುತ್ತಿತ್ತು. ಈ ಬೆಳಿಗ್ಗೆ ಹಿತ್ತಿಲ ಬಾಗಿಲು ತೆರೆದವಳಿಗೆ ಮಾತ್ರ, ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅನ್ನಿಸಿತು.

ಚಳಿಗಾಲದ ಮೊದಲ ಹಿಮ ಬಿದ್ದಿತ್ತು. ಹುಲ್ಲು, ಬೇಲಿ, ಮಗುಚಿಟ್ಟ ಬಕೆಟ್ಟು, ಎಲ್ಲದರ ಮೇಲೂ ಉಪ್ಪು ಎರಚಿದಂತಿತ್ತು. ಅವಳು ನೆಟ್ಟ ಮೆಣಸಿನ ಸಸಿಗಳು ಕಪ್ಪಾಗಿ ಜೋತುಬಿದ್ದಿದ್ದವು. ಗೋಡೆ ಪಕ್ಕದ ಒಂದು ಪಾತಿಯಲ್ಲಿ ಮಾತ್ರ ಹಿಮದ ಸುಳಿವಿಲ್ಲ. ಅಲ್ಲಿನ ಸಸಿಗಳು ಹಸಿರಾಗಿ ನಿಂತಿದ್ದವು. ಹಿಮವಿಲ್ಲದ ಆ ಕಪ್ಪು ಮಣ್ಣಿನ ಜಾಗ ಒಂದಾಳು ಮಲಗುವಷ್ಟು ಉದ್ದವಿತ್ತು, ಅಗಲವೂ ಅಷ್ಟಕ್ಕೆ ತಕ್ಕಷ್ಟೇ. ಕೂತು ಅಂಗೈ ಇಟ್ಟಳು. ಜ್ವರ ಬಂದವರ ಹಣೆ ಮುಟ್ಟಿದಂತಾಯಿತು.

"ಅಲ್ಲೇ ಅವಳು ಕೂತಿರ್ತಿದ್ಲು," ಎಂದಿತು ತಲೆ ಮೇಲಿಂದ ದನಿ. ಪಕ್ಕದ ಮನೆಯ ಗೋಡೆಯಕ್ಕ. ಗೋಡೆಯಾಚೆ ಕುತ್ತಿಗೆಯಿಂದ ಕೆಳಗೆ ಅವಳನ್ನು ದಂಪತಿ ಇನ್ನೂ ಕಂಡಿರಲಿಲ್ಲ. ಆ ಹೆಸರಿಟ್ಟವನು ದರ್ಜಿಯಮ್ಮನ ಗಂಡ.

"ಯಾರಕ್ಕಾ?"

"ಹಿಂದೆ ಈ ಮನೇಲಿದ್ದೋನ ಹೆಂಡ್ತಿ. ತವರಿಗೆ ಹೋದ್ಲು ಅಂದ. ಆಮೇಲೆ ಅವನೂ ಊರು ಬಿಟ್ಟ. ಎರಡು ವರ್ಷ ಬೀಗ. ಅವಳು ಹೋಗಿದ್ದನ್ನ ನಾನು ನೋಡ್ಲಿಲ್ಲ ಕಣಮ್ಮ. ನಾನು ನೋಡ್ದೆ ಈ ಬೀದೀಲಿ ಬೆಕ್ಕೂ ದಾಟಲ್ಲ."

ಮಧ್ಯಾಹ್ನ ಬೇಕರಿಯಿಂದ ಬಂದ ಗಂಡ ಕೇಳಿ ನಕ್ಕ. "ನಮ್ಮ ಬೇಕರಿ ಒಲೆ ಪಕ್ಕದಲ್ಲೂ ನೆಲ ಬಿಸಿ ಇರತ್ತೆ. ಅಲ್ಲಿ ಯಾರನ್ನ ಹೂತಿದೀವಿ?"

"ನೀವು ನಗ್ರೀ. ನಸುಕಿಗೇ ಎದ್ದು ಹೋಗ್ತೀರ. ಆ ಹೊತ್ತಲ್ಲಿ ಅದನ್ನ ನೋಡ್ಕೊಂಡು ಒಬ್ಳೇ ಇರೋಳು ನಾನು. ಅಲ್ಲೇನಿದೆ ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಈ ಮನೇಲಿ ನನ್ನ ಕೈಲಿ ಇರೋಕಾಗಲ್ಲ."

ಮರುದಿನವೂ ಹಿಮ ಬಿತ್ತು. ಪಾತಿಯ ಮೇಲೆ ಕೂರಲಿಲ್ಲ. ನೋಡುತ್ತಿದ್ದಂತೆ ಮಣ್ಣಿನಿಂದ ಎಳೆಯಾಗಿ ಹಬೆ ಎದ್ದಿತು, ಒಳಗೆ ಯಾರೋ ಉಸಿರು ಬಿಟ್ಟ ಹಾಗೆ. ದರ್ಜಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುದ್ದಲಿ ಎತ್ತಿದಳು. ಸಸಿಗಳ ಮುಖ ನೋಡಲಿಲ್ಲ. ಗುದ್ದಲಿ ಮೆತ್ತಗಿನ ಏನಕ್ಕೋ ತಾಗಿದಾಗ ಅದನ್ನು ಬದಿಗಿಟ್ಟು ಕೈಯಿಂದ ಮಣ್ಣು ಸರಿಸಿದಳು.

ಒಣಹುಲ್ಲು. ಅದರಡಿ ಹಬೆಯಾಡುವ ಕುದುರೆ ಲದ್ದಿ. ಇನ್ನೂ ಕೆಳಗೆ ಗಟ್ಟಿ ನೆಲ. ಅವಳು ಗುಂಡಿಯ ಅಂಚಿನಲ್ಲೇ ಕುಸಿದು ಕೂತು, ಅಳುವೋ ನಗುವೋ ತಿಳಿಯದಂತೆ ನಕ್ಕಳು.

ಗಂಡ ಬಂದು ಲದ್ದಿಯನ್ನು ಬೆರಳಲ್ಲಿ ಹಿಸುಕಿದ. ಅವನ ಅಪ್ಪ ಕುದುರೆಗಾಡಿ ಓಡಿಸಿದವನು. "ಲದ್ದಿ ಕೊಳೀತಾ ಕಾವು ಬಿಡತ್ತೆ. ಚಳೀಲಿ ಸಸಿ ಬದುಕಲಿ ಅಂತ ಬೇರಿನ ಕೆಳಗೆ ಹೀಗೆ ಹಾಕ್ತಾರೆ. ಜಾಣರ ಕೆಲಸ," ಎಂದವನು ಒಂದು ಹಿಡಿ ಹುಲ್ಲನ್ನು ಎತ್ತಿ ಬೆಳಕಿಗೆ ಹಿಡಿದ.

"ಏನ್ರೀ?"

"ಇದರ ಕಾವು ಒಂದೆರಡು ತಿಂಗಳು ನಿಂತ್ರೆ ಹೆಚ್ಚು ಕಣೇ. ಹುಲ್ಲು ನೋಡು, ಇನ್ನೂ ಹಳದಿ. ನೀನು ಸಸಿ ನೆಟ್ಟ ಮೇಲೆ ಯಾರೋ ತುಂಬಿದಾರೆ."

ಇಬ್ಬರೂ ಪಾತಿಯ ಅಗೆಯದೆ ಉಳಿದ ಬದಿಗೆ ಬಗ್ಗಿದರು. ಒಂದು ಬೇರಿಗೂ ನೋವಾಗದಂತೆ ಯಾರೋ ಪಕ್ಕದಿಂದ ತೋಡಿ, ತುಂಬಿ, ಮತ್ತೆ ಮಣ್ಣು ಮೆತ್ತಿ ತಟ್ಟಿದ್ದರು. ತಟ್ಟಿದ ಬೆರಳ ಗುರುತುಗಳು ಹಾಗೇ ಇದ್ದವು. ದರ್ಜಿಯಮ್ಮ ತನ್ನ ಕೈ ಅದರ ಮೇಲಿಟ್ಟಳು. ಅವಳದಕ್ಕಿಂತ ಚಿಕ್ಕ ಕೈ. ಹಿಂದೆ ಅಲ್ಲೇ ಕೂತಿರುತ್ತಿದ್ದವಳದ್ದೇ ಇರಬೇಕು.

"ಮೂಳೆ ಸಿಕ್ತೇನಮ್ಮಾ?" ಗೋಡೆಯಕ್ಕನ ತಲೆ ಮೂಡಿತು.

"ಲದ್ದಿ ಸಿಕ್ತು ಅಕ್ಕಾ. ಬೇಕಾದ್ರೆ ತಗೊಳ್ಳಿ," ಎಂದು ದರ್ಜಿಯಮ್ಮ ಕಾಲಿನಿಂದ ಮಣ್ಣು ಸವರಿ ಆ ಗುರುತನ್ನು ಮುಚ್ಚಿದಳು.

ಲದ್ದಿ, ಹುಲ್ಲು ಮತ್ತೆ ತುಂಬಿ ಮಣ್ಣೆಳೆದರೂ ಕಾವು ಹಾರಿಹೋಗಿತ್ತು. ಮರುದಿನ ಇಡೀ ಹಿತ್ತಿಲು ಒಂದೇ ಸಮ ಬೆಳ್ಳಗಿತ್ತು. ಆ ಚಳಿಗಾಲವೆಲ್ಲ ಅವಳು ಹಿತ್ತಿಲ ಗೇಟಿನ ಚಿಲಕ ಹಾಕಲಿಲ್ಲ. ಬೆಳಿಗ್ಗೆ ಎದ್ದವಳೇ ಹಿಮದ ಮೇಲೆ ಹೆಜ್ಜೆ ಹುಡುಕುತ್ತಿದ್ದಳು, ಕಂಡದ್ದು ಗುಬ್ಬಿಗಳದ್ದಷ್ಟೇ.

ಮಣ್ಣಿನಡಿ ಯಾರೂ ಇಲ್ಲವೆಂಬುದು ಖಾತ್ರಿಯಾಯಿತು, ಮನೆ ಬಿಡಬೇಕಾಗಲಿಲ್ಲ. ಸಸಿಗಳು ಸತ್ತವು. ಬರುತ್ತಿದ್ದವಳು ಮತ್ತೆ ಬರಲಿಲ್ಲ.