ಬೆರಳು ಇಳಿಯುವವರೆಗೆ

ಪಾಣೆಮಂಗಳೂರಿನ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ನನ್ನ ಸ್ಪೋಕನ್ ಇಂಗ್ಲಿಷ್ ತರಗತಿ ನಡೆಯುತ್ತದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಶಶಿಪ್ರಭಾ ಟೀಚರ್ ನಾನು. ಕಲಿಯುವವರು ಒಂದು ವಾಕ್ಯ ಮುಗಿಸಿದ ಕೂಡಲೇ ತೋರುಬೆರಳು ಎತ್ತುತ್ತೇನೆ. ಮನಸ್ಸಿನಲ್ಲೇ ಮೂರು ಎಣಿಸಿ ಇಳಿಸುತ್ತೇನೆ. ಅಲ್ಲಿಯವರೆಗೆ ಯಾರೂ ಬಾಯಿ ತೆರೆಯುವಂತಿಲ್ಲ. ಭಾಷಣ ಸ್ಪರ್ಧೆಗಳಲ್ಲಿ ಎಷ್ಟೋ ಮಕ್ಕಳಿಗೆ ಈ ಬೆರಳೇ ಬಹುಮಾನ ತಂದುಕೊಟ್ಟಿದೆ. ಆ ಜಂಬ ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಹಸ್ನಾ ಬಂದದ್ದು ನವೆಂಬರಿನಲ್ಲಿ. ಬಂಟ್ವಾಳದ ಆಸ್ಪತ್ರೆಯೊಂದರಲ್ಲಿ ನರ್ಸ್. ಗಂಡ ಶಾಹುಲ್ ಹಮೀದ್ ಗಲ್ಫಿನ ದಮ್ಮಾಮಿನಲ್ಲಿ, ಮಗಳು ತೋಡಾರಿನ ಅಜ್ಜಿ ಮನೆಯಲ್ಲಿ, ಇವಳು ಇಲ್ಲಿ ಬಾಡಿಗೆ ಕೋಣೆಯಲ್ಲಿ. ಆಸ್ಟ್ರೇಲಿಯಾದ ಆಸ್ಪತ್ರೆಯೊಂದು ಅವಳಿಗಾಗಿ ಜನವರಿ ಕೊನೆಯವರೆಗೆ ಕೆಲಸ ಕಾಯ್ದಿರಿಸಿತ್ತು. ಅಷ್ಟರೊಳಗೆ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮೂವರೂ ಒಂದೇ ಮನೆಯಲ್ಲಿ ಇರಬಹುದು. ಆಗಲೇ ಎರಡು ಸಲ ಫೇಲಾಗಿದ್ದಳು.

ಕಾರಣ ನನಗೆ ಮೊದಲ ದಿನವೇ ಗೊತ್ತಾಯಿತು. ಹುಡುಗಿ ಉಸಿರೇ ತೆಗೆದುಕೊಳ್ಳದೆ ಮಾತಾಡುತ್ತಿದ್ದಳು.

"ಯಾರು ಓಡಿಸಿಕೊಂಡು ಬರ್ತಾ ಇದ್ದಾರೆ ಮಾರಾಯ್ತಿ? ನಿಲ್ಲು!" ಎಂದು ಗದರಿದೆ.

ಗಂಟಲಿಗೆ ಎರಡು ಬೆರಳು ಹಚ್ಚಿಸಿದೆ. ‘ಸ್ಸ್’ ಎಂದಾಗ ಗಂಟಲು ಸುಮ್ಮನಿರಬೇಕು, ‘ಝ್ಝ್’ ಎಂದಾಗ ಜೇನುಗೂಡಿನ ಹಾಗೆ ನಡುಗಬೇಕು. ಅದನ್ನು ಒಂದೇ ವಾರದಲ್ಲಿ ಹಿಡಿದಳು. ನಿಲ್ಲುವುದನ್ನು ಕಲಿಯಲು ಮಾತ್ರ ಎರಡು ತಿಂಗಳು ಬೇಕಾಯಿತು. ಕೊನೆಗೆ ನನ್ನ ಬೆರಳಿಲ್ಲದೆಯೂ ತಾನೇ ಮೂರು ಎಣಿಸಿ ನಿಲ್ಲುತ್ತಿದ್ದಳು. ನನಗೆ ಖುಷಿಯೋ ಖುಷಿ.

ರಿಸಲ್ಟ್ ಬೇಗ ಸಿಗುತ್ತದೆ ಎಂದು ಈ ಸಲ ಅವಳ ವೀಸಾ ಏಜೆಂಟರು ಕಂಪ್ಯೂಟರ್ ಪರೀಕ್ಷೆಗೆ ಹೆಸರು ಹಾಕಿಸಿದ್ದರು. ಅವರು ಕೊಟ್ಟ ನಿಯಮಗಳ ಹಾಳೆಯನ್ನು ಹಸ್ನಾ ತಂದು ಕೊಟ್ಟಳು. "ಒಮ್ಮೆ ಓದ್ತೀರಾ ಟೀಚರ್? ನನಗೆ ಕೆಲವು ಅರ್ಥ ಆಗುವುದಿಲ್ಲ."

"ಮಾತಾಡ್ಲಿಕ್ಕೆ ಎಂಥ ನಿಯಮ? ಗಾಬರಿ ಆದರೆ ನಿಲ್ಲು, ಅಷ್ಟೇ," ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿದೆ.

ಪರೀಕ್ಷೆಯ ದಿನ ನಾನೂ ಅವಳ ಜೊತೆ ಮಂಗಳೂರಿಗೆ ಹೋದೆ. ಹಸ್ನಾ ಹೊರಗೆ ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಟೀಚರ್, ನೋಡಿ ವಿವರಿಸ್ಲಿಕ್ಕೆ ಒಂದು ಚಿತ್ರ ಬಂತು. ಒಂದು ವಾಕ್ಯ ಹೇಳಿ ನಿಂತೆ. ಪುನಃ ಶುರು ಮಾಡುವಾಗ ಮೈಕ್ ಬಂದ್ ಆಗಿತ್ತು."

"ಉಳಿದದ್ದು?"

"ಎಲ್ಲದರಲ್ಲಿಯೂ ಹಾಗೇ ಆಯ್ತು. ಗಾಬರಿ ಆದರೆ ನಿಲ್ಲು ಅಂತ ನೀವು ಹೇಳಿದ್ದಿರಲ್ಲ. ನಿಂತೆ."

ಕೌಂಟರಿಗೆ ಹೋಗಿ ಜಗಳ ಮಾಡಿದೆ. ಅಲ್ಲಿದ್ದ ಹೆಂಗಸು ಸ್ವಲ್ಪವೂ ಬೇಸರಿಸದೆ ಹೇಳಿದಳು. "ಮೂರು ಸೆಕೆಂಡ್ ಸ್ವರ ಬಾರದಿದ್ರೆ ಉತ್ತರ ಮುಗಿಯಿತು ಅಂತ ಮೆಶಿನ್ ಬಂದ್ ಮಾಡ್ತದೆ ಮೇಡಂ. ಹಾಳೆಯಲ್ಲಿ ಬರೆದಿತ್ತಲ್ಲ?"

ಹಾಳೆ ನನ್ನ ಚೀಲದಲ್ಲೇ ಇತ್ತು. ತೆಗೆದು ನೋಡಿದೆ. ನಾಲ್ಕನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಇನ್ನೊಮ್ಮೆ ಕೂರಿಸಿ ಎಂದು ಬೇಡಿಕೊಂಡೆ. ಮುಂದಿನ ಜಾಗ ಖಾಲಿ ಇರುವುದು ಫೆಬ್ರವರಿಯಲ್ಲಿ ಎಂದಳು.

ಬಸ್ಸಿನಲ್ಲಿ ಹಸ್ನಾ ಕಿಟಕಿ ಪಕ್ಕ ಕೂತಳು. ಅಭ್ಯಾಸ ಬಲದಿಂದ ಎರಡು ಬೆರಳು ಗಂಟಲಿನ ಮೇಲೆಯೇ ಇದ್ದವು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ.

"ಟೀಚರ್, ನಾನು ನಿಂತದ್ದು ಸರಿಯಾಗಿತ್ತಾ? ಮೂರು ಎಣಿಸಿಯೇ ನಿಂತದ್ದು," ಎಂದು ಕೇಳಿದಳು.

"ಸರಿಯಾಗಿತ್ತು ಮಗಾ," ಎಂದೆ.

ಫರಂಗಿಪೇಟೆ ದಾಟುವಾಗ ಅವಳ ಫೋನು ರಿಂಗಾಯಿತು. ಗಂಡನದು. ಮೂರು ಸಲ ರಿಂಗಾದರೂ ಎತ್ತಲಿಲ್ಲ. ನಾಲ್ಕನೆಯ ಸಲ ನನ್ನ ಕೈಗೆ ಕೊಟ್ಟಳು. "ನನ್ನಿಂದಾಗುವುದಿಲ್ಲ. ನೀವೇ ಹೇಳಿ ಟೀಚರ್."

"ಹಲೋ, ಹಸ್ನಾಳ ಟೀಚರ್ ಮಾತಾಡುವುದು," ಎಂದೆ.

"ಹಾಂ ಟೀಚರ್! ಎಂತ ಆಯ್ತು? ಪಾಸಾಗ್ತಾಳಲ್ಲ? ನಾನು ಇಲ್ಲಿ ಸಾಮಾನು ಕಟ್ಲಿಕ್ಕೆ ಶುರು ಮಾಡ್ಬಹುದಾ?" ನಗುತ್ತಾ ಕೇಳಿದರು.

ಮೂವತ್ತೊಂದು ವರ್ಷ ಮಾತು ಕಲಿಸಿದವಳು ನಾನು. ತಪ್ಪು ನನ್ನದು ಎನ್ನಬೇಕು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ.

"ಟೀಚರ್? ಕೇಳ್ತಾ ಉಂಟಾ?"

ನಾನು ಇನ್ನೂ ಮಾತು ಹುಡುಕುತ್ತಿದ್ದೆ.

"ನೆಟ್‌ವರ್ಕ್ ಇಲ್ಲ ಕಾಣ್ತದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಫೋನ್ ಇಟ್ಟರು.