ಸಾಹೇಬರ ಬಿಸಿಲು

ಆ ಮನೆಯಲ್ಲಿ ಸ್ನಾನ ಮಾಡಬೇಕಾದರೆ ಮೊದಲು ಸಾಹೇಬರ ಅಪ್ಪಣೆಯಾಗಬೇಕಿತ್ತು. ಸಾಹೇಬರೆಂದರೆ ಆಮೆ. ಸಾಕುಪ್ರಾಣಿಗಳ ಅಂಗಡಿಯಿಂದ ತಂದಾಗ ಅಂಗೈಯಲ್ಲಿ ಅಡಗುವಷ್ಟಿದ್ದವರು ಈಗ ಊಟದ ತಟ್ಟೆಯಷ್ಟು ಬೆಳೆದು, ಬಚ್ಚಲಿನ ತೊಟ್ಟಿಯನ್ನು ನಿಶ್ಚಿಂತೆಯಿಂದ ಆಳುತ್ತಿದ್ದರು. ಕಣ್ಣುಗಳ ಹಿಂದೆ ಒಂದೊಂದು ಕೆಂಪು ಗೆರೆ. ಮನೆಯ ಯಜಮಾನ ಕ್ಷೌರಿಕ. ಆ ಗೆರೆಯನ್ನು ಕಂಡವರಿಗೆಲ್ಲ, "ನನ್ನ ಕತ್ತಿ ತಾಗಿದ್ದಲ್ಲ, ಹುಟ್ಟಿನಿಂದಲೇ ಇದೆ" ಎಂದು ಗಂಭೀರವಾಗಿ ಹೇಳುವುದು ಅವನ ರೂಢಿ.

ಹೆಂಡತಿಗೆ ತನ್ನ ಬಚ್ಚಲು ಮರಳಿ ಬೇಕಿತ್ತು. ತಾಯಿಯ ಚಿಂತೆ ಬೇರೆ. ಮೂಕಜೀವವನ್ನು ಸೆರೆಯಲ್ಲಿಟ್ಟ ಪಾಪ ಮಗನಿಗೆ ತಟ್ಟಬಾರದು; ಅದು ರಾಷ್ಟ್ರೀಯ ಉದ್ಯಾನದ ಕೆರೆಯಲ್ಲಿ ಕತ್ತು ಚಾಚಿ ಬಿಸಿಲು ಕಾಯುವುದನ್ನು ತಾನು ಕಣ್ಣಾರೆ ಕಾಣಬೇಕು. ಅತ್ತೆ ಸೊಸೆಯರು ಒಮ್ಮತಕ್ಕೆ ಬಂದ ಆ ಅಪರೂಪದ ಗಳಿಗೆಯಲ್ಲಿ ಕ್ಷೌರಿಕ ಹೋಗಿ ಬಕೆಟ್ ತಂದ. ಸಾಹೇಬರನ್ನು ಬಕೆಟ್ಟಿಗಿಳಿಸುವಾಗ ಮಾತ್ರ ಅವನ ಕೈ, ಮೊದಲ ಸಲ ಕುರ್ಚಿಯೇರಿದ ಮಗುವಿನ ತಲೆ ಹಿಡಿದಷ್ಟು ಮೃದುವಾಗಿತ್ತು.

ಭಾನುವಾರ ಮೂವರೂ ಬುತ್ತಿ ಕಟ್ಟಿಕೊಂಡು ಹೊರಟರು. ಕೆರೆಯ ಬಳಿ ಉದ್ಯಾನದ ಕಾವಲುಗಾರ್ತಿ ಬಕೆಟ್ಟಿನೊಳಗೆ ಇಣುಕಿದಳು. ಬೈಯಲಿಲ್ಲ, ಇಲ್ಲಿ ಬಿಡುವಂತಿಲ್ಲವೆಂದಷ್ಟೇ ಹೇಳಿದಳು.

"ಬಾಯಿಲ್ಲದ ಜೀವ ಕಣಮ್ಮ," ಎಂದಳು ತಾಯಿ. "ತೊಟ್ಟಿಯಲ್ಲೇ ಕೊಳೀಲಿ ಅಂತೀಯಾ? ಬಿಡಿಸಿದ್ರೆ ಪುಣ್ಯ ಅಲ್ವಾ?"

ಕಾವಲುಗಾರ್ತಿ ತನ್ನ ದುರ್ಬೀನನ್ನು ಮುದುಕಿಯ ಕೈಗಿತ್ತು, ನೀರಿನ ನಡುವೆ ಬಿದ್ದಿದ್ದ ಮರದ ದಿಮ್ಮಿಯನ್ನು ತೋರಿಸಿದಳು. ಅಲ್ಲಿ ಬೆನ್ನ ಮೇಲೆ ಹಳದಿ ಬೊಟ್ಟುಗಳಿದ್ದ ಪುಟ್ಟ ಆಮೆಗಳು ಸಾಲಾಗಿ ಮೈ ಕಾಯಿಸುತ್ತಿದ್ದವು. ಈ ಕೆರೆಯನ್ನು ಬಿಟ್ಟರೆ ಆ ಜಾತಿ ಬೇರೆಲ್ಲೂ ಉಳಿದಿಲ್ಲವೆಂದೂ, ಬಿಸಿಲು ಸಿಗದಿದ್ದರೆ ಅವಕ್ಕೆ ಉಂಡದ್ದು ಅರಗದೆಂದೂ ಆಕೆ ವಿವರಿಸುತ್ತಿದ್ದಂತೆಯೇ, ನೀರಿನಿಂದೊಂದು ದೊಡ್ಡ ಆಮೆ ಮೇಲೇರಿತು. ಮೊದಲನೆಯ ಪುಟ್ಟ ಆಮೆ ನೀರಿಗೆ ಜಾರಿತು. ಎರಡನೆಯದನ್ನು ಅದು ಮೊಣಕೈಯಿಂದ ತಿವಿದಂತೆ ತಳ್ಳಿತು. ಸ್ವಲ್ಪ ಹೊತ್ತಿಗೆ ದಿಮ್ಮಿಯ ಮೇಲೆ ಅದೊಂದೇ ಉಳಿದು, ಠೀವಿಯಿಂದ ಕತ್ತು ಚಾಚಿತು. ಕಣ್ಣಿನ ಹಿಂದೆ ಕೆಂಪು ಗೆರೆ.

ತಾಯಿ ಕಾಣಬೇಕೆಂದಿದ್ದ ದೃಶ್ಯ ಅದೇ. ಆಕೆ ಬಹಳ ಹೊತ್ತು ದುರ್ಬೀನನ್ನು ಇಳಿಸಲಿಲ್ಲ.

"ಅದನ್ನೂ ಯಾರೋ ಪುಣ್ಯ ಅಂತಲೇ ಬಿಟ್ಟಿರಬೇಕು," ಎಂದಳು ಕೊನೆಗೆ. "ಬಕೆಟ್ ಎತ್ತಪ್ಪ."

"ಬಚ್ಚಲಿಗಂತೂ ಬೇಡ," ಎಂದಳು ಹೆಂಡತಿ.

ಇಷ್ಟು ದಿನ ಅದುಮಿಟ್ಟಿದ್ದ ಮಾತು ಕ್ಷೌರಿಕನ ಬಾಯಿಂದ ಆಗ ಹೊರಬಿತ್ತು. "ನಮ್ಮ ಅಂಗಡೀಲಿ ಕಿಟಕಿ ಹತ್ರ ಒಳ್ಳೇ ಬಿಸಿಲು ಬರುತ್ತೆ."

"ಆವತ್ತಿಂದ ಇದನ್ನ ಹೇಳೋಕೆ ನಿಮಗೇನಾಗಿತ್ತು ರೀ?" ಎಂದು ಹೆಂಡತಿ ನಕ್ಕುಬಿಟ್ಟಳು. ಆಮೇಲೆ ಬುತ್ತಿ ಬಿಚ್ಚಿದರು. ಕಾವಲುಗಾರ್ತಿಗೂ ಪಾಲು ಸಿಕ್ಕಿತು.

ಕಾಯುವವರ ಬೆಂಚು ಅಂಗಡಿಯ ಹೊರಗೆ ಹೋಯಿತು. ಅದರ ಜಾಗದಲ್ಲಿ ಅಗಲವಾದ ತೊಟ್ಟಿ, ನಡುವೆ ಚಪ್ಪಟೆ ಕಲ್ಲು. ಸಾಹೇಬರ ದರ್ಶನಕ್ಕೆಂದು ತಲೆಯಲ್ಲಿ ಕೂದಲಿಲ್ಲದವರೂ ಬರತೊಡಗಿದರು. ಅಂಗಡಿಗೆ ಎಂದೂ ಕಾಲಿಡದಿದ್ದ ತಾಯಿ ಈಗ ದಿನವೂ ತೊಟ್ಟಿಯ ಪಕ್ಕ ಕುಳಿತು, ಮನೆಯ ಆಮೆಯನ್ನು ಕೆರೆಗೆ ಏಕೆ ಬಿಡಬಾರದೆಂಬುದನ್ನು, ಮುಖಕ್ಕೆ ನೊರೆ ಹಚ್ಚಿಸಿಕೊಂಡು ತಪ್ಪಿಸಿಕೊಳ್ಳಲಾಗದವರಿಗೆ ಸಾವಕಾಶವಾಗಿ ತಿಳಿಸುತ್ತಿದ್ದಳು.

ಒಂದು ದಿನ ಕಾವಲುಗಾರ್ತಿಯೇ ಬಕೆಟ್ ಹಿಡಿದು ಬಂದಳು. ದಿಮ್ಮಿಯ ದೊರೆ ಬಲೆಗೆ ಸಿಕ್ಕಿದ್ದ. ಮೇಲಿನವರ ಒಪ್ಪಿಗೆ ಪಡೆದೇ ತಂದಿದ್ದಳು.

"ಇನ್ನೊಬ್ಬರಿಗೆ ಜಾಗ ಇದೆಯಾ ಅಣ್ಣ?"

ಕ್ಷೌರಿಕ ಬಗ್ಗಿ ಆ ಕೆಂಪು ಗೆರೆಯನ್ನು ಪರೀಕ್ಷಿಸಿದ. "ಇದೂ ನನ್ನ ಕತ್ತಿಯದಲ್ಲ," ಎಂದ.

ತಾಯಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಆಮೇಲೆ ಕೇಳಿದ್ದು ಒಂದೇ: "ದಿಮ್ಮಿ ಮೇಲೆ ಪುಟ್ಟವು ಬಂದ್ವಾ?"

"ಬೆಳಗ್ಗೆಯಿಂದ ಇಳಿದಿಲ್ಲ ಅಜ್ಜಿ."

ಕಿಟಕಿಯ ಬಿಸಿಲು ಆಗಷ್ಟೇ ಕಲ್ಲನ್ನು ತಲುಪಿತ್ತು. ಸಾಹೇಬರು ನಿಧಾನವಾಗಿ ಏರಿ ಕತ್ತು ಚಾಚಿದರು. ಸದ್ದು ಮಾಡಬೇಡಿ ಎಂಬಂತೆ ತಾಯಿ ಕೈಯೆತ್ತಿದಳು, ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು.