ಹಾಸಿಗೆಯ ಬಾಯಾರಿಕೆ

“ಓಹೋ, ಹಾಸಿಗೆಗೆ ನೀರು ಕುಡಿಸೋ ಹುಡುಗಿ ನೀನೇ ಅಲ್ವೇನೇ!”

ಮೇಲಿನ ಮನೆಯಾಕೆ ಮೆಟ್ಟಿಲಿಳಿಯುತ್ತ ಬಾಯ್ತುಂಬ ನಕ್ಕು ಇವಳ ಮಗಳ ಗಲ್ಲ ಹಿಂಡಿದಾಗ ಇವಳ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮಗಳ ಎಡಗಾಲಿನ ಷೂ, ಹೆಗಲಲ್ಲಿ ಆಫೀಸಿನ ಚೀಲ. ಗೇಟಿನಾಚೆ ಶಾಲೆಯ ವ್ಯಾನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. “ನಿಮ್ಮ ಕಂಪನಿ ಬ್ಲಾಗು ಓದಿದೆ ಕಣ್ರೀ. ಎಷ್ಟು ಚೆನ್ನಾಗಿ ಬರ್ದಿದೀರಾ! ನಕ್ಕೂ ನಕ್ಕೂ ಸಾಕಾಯ್ತು. ನಮ್ಮವನಿಗೂ ಓದಿ ಹೇಳ್ದೆ,” ಎಂದಳು ಆಕೆ. ನಮ್ಮವನು ಎಂದರೆ ಆಕೆಯ ಮಗ. ಇವಳ ಮಗಳದೇ ತರಗತಿ, ಅದೇ ವ್ಯಾನು. ಅವನು ಆಗಲೇ ವ್ಯಾನಿನೊಳಗೆ ಕೂತು ಹಲ್ಲು ಕಿರಿಯುತ್ತಿದ್ದ.

ಮಗಳು ಅಮ್ಮನ ಮುಖ ನೋಡಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಕಿರುಚಿದ್ದರೆ ಗದರಬಹುದಿತ್ತು. ಏಳು ವರ್ಷದ ಹುಡುಗಿ ಎರಡೂ ಮಾಡದೆ ಷೂ ಕಿತ್ತುಕೊಂಡು ತಾನೇ ಹಾಕಿಕೊಂಡಳು. ಲೇಸು ಕಟ್ಟದೆ ಎಳೆದುಕೊಂಡೇ ಹೋಗಿ ವ್ಯಾನು ಹತ್ತಿದಳು. ದಿನವೂ ಕೈಬೀಸುವ ಕಿಟಕಿಯಲ್ಲಿ ಅವತ್ತು ಬೆನ್ನು ಮಾತ್ರ ಕಂಡಿತು. ಊಟದ ಡಬ್ಬಿ ಇವಳ ಕೈಯಲ್ಲೇ ಉಳಿಯಿತು.

ಇವಳ ಉದ್ಯೋಗ ಹಾಸಿಗೆ ಕಂಪನಿಯೊಂದಕ್ಕೆ ಬ್ಲಾಗು ಬರೆಯುವುದು. ಹಾಸಿಗೆ ಬಗ್ಗೆ ಬರೆಯೋದಕ್ಕೆ ಏನಪ್ಪಾ ಇರುತ್ತೆ ಎಂದು ಕೇಳದವರೇ ಇಲ್ಲ. ಇರುತ್ತದೆ. ಬೆನ್ನುನೋವು ಯಾಕೆ ಬರುತ್ತದೆ, ಬೆವರುವವರಿಗೆ ಯಾವ ಬಟ್ಟೆ ಹಿತ, ಸ್ಪ್ರಿಂಗು ಮೇಲೋ ಫೋಮು ಮೇಲೋ. ಮಲಗಿ ಏಳುವಷ್ಟು ಸಣ್ಣ ವಿಷಯದಲ್ಲಿ ಮನುಷ್ಯರಿಗೆ ಇಷ್ಟೊಂದು ತಕರಾರಿದೆ ಎಂದು ಈ ಕೆಲಸಕ್ಕೆ ಸೇರುವ ತನಕ ಇವಳಿಗೇ ಗೊತ್ತಿರಲಿಲ್ಲ. ಊರಿಗೆಲ್ಲ ಸುಖನಿದ್ದೆಯ ಗುಟ್ಟು ಹೇಳುವ ಇವಳು ಮಾತ್ರ ಕಂಡಕಂಡಲ್ಲಿ ತೂಕಡಿಸುತ್ತಿದ್ದಳು. ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ಒಮ್ಮೆಯಂತೂ ಹಲ್ಲುಜ್ಜುತ್ತಲೇ.

ಮಗಳು ಹುಟ್ಟುವ ಮುಂಚೆ ಇವಳದೊಂದು ಕಥಾಸಂಕಲನ ಬಂದಿತ್ತು. ಓದಿದವರು ಚೆನ್ನಾಗಿದೆ ಎಂದಿದ್ದರು, ಎರಡನೆಯದು ಯಾವಾಗ ಎಂದೂ ಕೇಳಿದ್ದರು. “ಬರ್ತಾ ಇದೆ” ಎಂದು ಹೇಳಿ ಹೇಳಿ ಈಗ ಕೇಳುವವರೂ ಸುಸ್ತಾಗಿ ಸುಮ್ಮನಾಗಿದ್ದರು. ಬರೆಯಲು ಕೂತರೆ ಕುಕ್ಕರು ಕೂಗುತ್ತದೆ, ಕುಕ್ಕರು ಇಳಿಸಿದರೆ ಮಗಳು ಕೂಗುತ್ತಾಳೆ, ಮಗಳು ಮಲಗಿದರೆ ಇವಳ ಕಣ್ಣೂ ಅವಳ ಪಕ್ಕದಲ್ಲೇ ಮುಚ್ಚಿಹೋಗುತ್ತದೆ. ಹೀಗಿರುವಾಗ ಒಂದು ದಿನ, ನೀರು ಇಳಿಯದ ಹಾಸಿಗೆ ಹೊದಿಕೆಯ ಬಗ್ಗೆ ಒಂದು ಪುಟ ಬರಿ ಎಂದು ಆಫೀಸಿನಲ್ಲಿ ಹೇಳಿದರು.

ಮಗಳು ಆಗೊಮ್ಮೆ ಈಗೊಮ್ಮೆ ಇನ್ನೂ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಆದರೆ ತಪ್ಪು ತನ್ನದೆಂದು ಒಪ್ಪುವ ಪೈಕಿಯಲ್ಲ. “ನಾನಲ್ಲಮ್ಮ. ಹಾಸಿಗೆಗೆ ಬಾಯಾರಿಕೆ ಆಗಿರತ್ತೆ, ಅದಕ್ಕೆ ನನ್ನ ಹತ್ರ ಕೇಳತ್ತೆ,” ಎನ್ನುತ್ತಿದ್ದಳು. ಅಂಚು ಸೊಟ್ಟಗಾದ ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿಸಿ ದಿನಾ ಮಂಚದ ಕೆಳಗಿಟ್ಟು, ಬಗ್ಗಿ, “ಇವತ್ತು ಇದನ್ನ ಕುಡಿ, ನನ್ನ ಕೇಳಬೇಡ” ಎಂದು ಹಾಸಿಗೆಗೆ ಪಿಸುಗುಟ್ಟಿ ಮಲಗುತ್ತಿದ್ದಳು. ಅದನ್ನೇ ಇವಳು ಎಂದಿನಂತೆ ಫೋನಿನಲ್ಲಿ, ಎರಡೂ ಹೆಬ್ಬೆರಳುಗಳಿಂದ ಒತ್ತಿ ಒತ್ತಿ ಬರೆದಳು. ಊಟದ ಬಿಡುವಿನಲ್ಲಿ ಕೂತವಳಿಗೆ ಊಟ ಮರೆತುಹೋಯಿತು. ಎಷ್ಟೋ ವರ್ಷಗಳ ಮೇಲೆ ವಾಕ್ಯಗಳು ತಾವಾಗಿ ಒಂದರ ಹಿಂದೊಂದು ಬಂದು ನಿಂತವು. ಹುಡುಗಿಯ ಹೆಸರನ್ನು ಚುಕ್ಕಿ ಎಂದು ಬದಲಿಸಿದಳು. ಹೆಸರು ಬದಲಿಸಿದ್ದೀನಲ್ಲ, ಸಾಕು ಎಂದುಕೊಂಡಳು. ಹೊದಿಕೆಯ ಮಾತು ಕೊನೆಯಲ್ಲಿ ಒಂದೇ ಸಾಲು ಬಂತು.

ಡಬ್ಬಿ ಕೈಯಲ್ಲಿ ಉಳಿದ ಆ ದಿನ ಆಫೀಸಿಗೆ ಹೋದರೆ ಮಾರ್ಕೆಟಿಂಗ್ ಮುಖ್ಯಸ್ಥೆ ಬಾಗಿಲಲ್ಲೇ ಕಾಯುತ್ತಿದ್ದರು. ಎಲ್ಲಕ್ಕೂ ಬೇಗ ಬೇಗ ಎನ್ನುವ ಈಕೆಗೆ ಆಫೀಸಿನವರು ಹಿಂದಿನಿಂದ ಇಟ್ಟ ಹೆಸರು ಬೇಗ ಮೇಡಂ.

“ಬಾ, ಬೇಗ ಕೂತ್ಕೋ. ಏನಮ್ಮಾ ಇದು, ಒಂದು ಹೊದಿಕೆ ಬಗ್ಗೆ ಬರಿ ಅಂದ್ರೆ ಜನಾನೆಲ್ಲ ಬುಟ್ಟಿಗೆ ಹಾಕ್ಕೊಂಡಿದೀಯ! ಬೆನ್ನುನೋವು ಓದೋಕೆ ಒಂದು ನರಪಿಳ್ಳೇನೂ ಬರ್ತಿರ್ಲಿಲ್ಲ. ಈಗ ನೋಡು. ವಾರಕ್ಕೊಂದು ಬರ್ಲಿ. ಹಾಸಿಗೆ ಹುಡುಗಿ ಅಂತ್ಲೇ ಮಾಲಿಕೆ ಮಾಡೋಣ.”

“ಮೇಡಂ, ಅದು ನನ್ನ ಮಗಳದ್ದು...”

“ಗೊತ್ತಾಯ್ತು ಬಿಡು, ಅದಕ್ಕೇ ಅಷ್ಟು ಚೆನ್ನಾಗಿದೆ. ಬೇಕಾದ್ರೆ ವಾರದಲ್ಲಿ ಎರಡು ದಿನ ಮನೇಲೇ ಕೂತು ಬರಿ. ಸರಕು ಮನೇಲೇ ಇದೆಯಲ್ಲ!”

ಯೋಚಿಸಿ ಹೇಳುತ್ತೇನೆ ಎಂದಳು ಇವಳು. ನಿಜ ಹೇಳಬೇಕೆಂದರೆ, ಬೆಳಗಿನ ಆ ಬೆನ್ನು ಕಣ್ಣಮುಂದೆ ಇದ್ದಾಗಲೂ ಇವಳಿಗೆ ಖುಷಿಯಾಯಿತು. ಎರಡು ದಿನ ಮನೆಯಲ್ಲಿ, ಬಸ್ಸಿಲ್ಲ, ಬರೆದದ್ದನ್ನು ಜನ ಓದುತ್ತಾರೆ. ಲಿಫ್ಟಿನಲ್ಲಿ ಇಳಿಯುವಷ್ಟರಲ್ಲಿ ತಲೆಯಲ್ಲಿ ಮೂರು ಕಂತು ತಯಾರಾಗಿದ್ದವು.

ಸಂಜೆ ಮನೆಗೆ ಬಂದಾಗ ಮಗಳು ನೆಲದ ಮೇಲೆ ಕೂತು ಚಿತ್ರ ಬಿಡಿಸುತ್ತಿದ್ದಳು.

“ಊಟಕ್ಕೇನು ಮಾಡ್ದೆ ಮರಿ?”

“ಮಿಸ್ಸು ಕೊಟ್ರು.”

“ಸ್ಕೂಲಲ್ಲಿ ಏನಾಯ್ತು?”

“ಏನಿಲ್ಲ.”

ಬೇರೆ ದಿನಗಳಲ್ಲಾದರೆ ಅಡುಗೆಮನೆಗೆ ಹಿಂದೆಯೇ ಬಂದು, ಯಾರು ಯಾರಿಗೆ ಹೊಡೆದರು, ಇರುವೆಗೆ ಹಲ್ಲಿರುತ್ತಾ, ಮಿಸ್ಸಿಗೂ ಅಮ್ಮ ಇರುತ್ತಾರಾ ಎಂದು ಜೀವ ತಿನ್ನುತ್ತಿದ್ದ ಹುಡುಗಿ. “ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡಿರೇ ಮಹಾತಾಯಿ” ಎಂದು ಇವಳು ದಿನಾ ಕೈ ಮುಗಿಯುತ್ತಿದ್ದದ್ದು ಅವತ್ತು ಕೇಳದೆಯೇ ಸಿಕ್ಕಿಬಿಟ್ಟಿತ್ತು. ಈರುಳ್ಳಿ ಹೆಚ್ಚುವ ಸದ್ದು ಬಿಟ್ಟರೆ ಮನೆ ಗಪ್‌ಚಿಪ್. ಮಲಗುವಾಗ ಮಗಳು ಗೋಡೆಗೆ ಮುಖ ಮಾಡಿದಳು. ಸೊಟ್ಟ ಅಂಚಿನ ಲೋಟ ಪಾತ್ರೆ ಬುಟ್ಟಿಯಲ್ಲಿ ಬೋರಲಾಗಿ ಒಣಗುತ್ತಿತ್ತು. ಮಾರನೆಯ ದಿನವೂ ಅಲ್ಲೇ ಇತ್ತು, ಅದರ ಮಾರನೆಯ ದಿನವೂ.

ಮಕ್ಕಳ ಮುನಿಸು, ತಾನಾಗಿ ಇಳಿಯುತ್ತದೆ ಎಂದುಕೊಂಡಳು. ಇಳಿಯಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯಲು ಹೋದವಳಿಗೆ ವಾಷಿಂಗ್ ಮಷಿನ್ನಿನ ಹಿಂದಿನಿಂದ ವಾಸನೆ ಹೊಡೆಯಿತು. ಬಗ್ಗಿ ಕೈ ಹಾಕಿದರೆ ಮುದ್ದೆ ಮಾಡಿ ತುರುಕಿದ ಹಾಸು, ಅರ್ಧ ಒಣಗಿ ಗಟ್ಟಿಯಾಗಿತ್ತು. ಓಡಿ ಹೋಗಿ ಮಗಳ ಹಾಸಿಗೆ ನೋಡಿದಳು. ನಡುವಿನಲ್ಲಿ ಒಂದು ಟವೆಲು ಹಾಸಿ, ಅದರ ಮೇಲೆ ಹೊಸ ಹಾಸನ್ನು ಸೊಟ್ಟಸೊಟ್ಟಗೆ ಎಳೆದು ಮುಚ್ಚಿತ್ತು. ಬೆಳಗಾಗುವ ಮುಂಚೆ, ಅಮ್ಮ ಏಳುವ ಮುಂಚೆ, ಆ ಪುಟ್ಟ ಕೈಗಳು ಅಷ್ಟು ದೊಡ್ಡ ಹಾಸನ್ನು ಎಳೆದು, ಸದ್ದಾಗದ ಹಾಗೆ ಹೊತ್ತು ತಂದು ಬಚ್ಚಿಟ್ಟಿದ್ದವು. ಹಾಸನ್ನು ಕೈಯಲ್ಲಿ ಹಿಡಿದೇ ಗಂಡನ ಬಳಿ ಹೋದಳು.

ಗಂಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಆ ವಾರ ರಾತ್ರಿ ಪಾಳಿ. ಆಗಷ್ಟೇ ಬಂದು ಷರ್ಟು ಬಿಚ್ಚುತ್ತಿದ್ದ.

“ಇದು ನಿಂಗೆ ಗೊತ್ತಿತ್ತಾ?”

ಅವನು ಹಾಸನ್ನು ನೋಡಿದ. “ಗೊತ್ತಿತ್ತು. ಹೋದ ವಾರ ನಂಗೆ ತಂದು ಕೊಡ್ತಿದ್ಲು, ನೀನು ಏಳೋದ್ರೊಳಗೆ ಒಗೆದು ಹಾಕ್ತಿದ್ದೆ. ಈ ವಾರ ನಾನಿಲ್ವಲ್ಲ. ಪಾಪ, ಬಚ್ಚಿಟ್ಟಿದಾಳೆ.”

“ನಂಗೊಂದು ಮಾತು ಹೇಳೋಕೆ ಏನಾಗಿತ್ತು?”

“ನಿಂಗೇ ಹೇಳಬಾರದಂತೆ. ‘ಅಮ್ಮಂಗೆ ಹೇಳ್ಬೇಡ, ಬರೆದುಬಿಡ್ತಾಳೆ’ ಅಂದ್ಲು.”

ಮಾತುಮಾತಿಗೆ ತಮಾಷೆ ಮಾಡುವ ಮನುಷ್ಯ, ಇದನ್ನು ಮಾತ್ರ ನಗದೆ ಹೇಳಿದ. ಇವಳಿಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ರೇಗಿಯೂ ಹೋಯಿತು. “ಮತ್ತಿನ್ನೇನು ಬರೀಲಿ ನಾನು? ಮನೆ, ಬಸ್ಸು, ಆಫೀಸು, ಮನೆ. ನಂಗಿರೋದೇ ಇಷ್ಟು. ಚಂದ್ರಲೋಕದ ಬಗ್ಗೆ ಬರೀಲಾ? ಅಷ್ಟು ವರ್ಷದ ಮೇಲೆ ಒಂದೇ ಒಂದು ಚೆನ್ನಾಗಿ ಬಂದಿತ್ತು ಕಣೋ!”

“ಚೆನ್ನಾಗಿಲ್ಲ ಅಂತ ಯಾರಂದ್ರು? ನಾನೇ ಎರಡು ಸಲ ಓದಿದೆ,” ಎಂದ ಗಂಡ. “ಆದ್ರೂ ಅವಳನ್ನ ಒಂದು ಮಾತು ಕೇಳಬೇಕಿತ್ತು.” ಹಾಸನ್ನು ಇವಳ ಕೈಯಿಂದ ತೆಗೆದುಕೊಂಡು ತಾನೇ ನೆನೆಹಾಕಲು ಹೋದ.

ಮಧ್ಯಾಹ್ನ ಇವಳು ಮಗಳ ಮುಂದೆ ಕೂತಳು. “ನಂದು ತಪ್ಪಾಯ್ತು ಮರಿ. ನಿನ್ನ ಕೇಳದೆ ಬರೀಬಾರದಿತ್ತು.”

ಮಗಳು ಬಳಪದ ಡಬ್ಬಿಯಿಂದ ತಲೆಯೆತ್ತದೆ ಹೇಳಿದಳು. “ಅಳಿಸು.”

“ಅಳಿಸ್ತೀನಿ.”

“ನಿಜವಾಗ್ಲೂ?”

“ನಿಜವಾಗ್ಲೂ. ಸೋಮವಾರ ಹೋದ ತಕ್ಷಣ.”

ಸೋಮವಾರ ಹೋದ ತಕ್ಷಣವೇ ಕೇಳಿದಳು. ಮಾಲಿಕೆ ಬರೆಯುವುದಿಲ್ಲ, ಆ ಒಂದು ಬರಹವನ್ನೂ ತೆಗೆದುಬಿಡಿ ಎಂದಳು. ಬೇಗ ಮೇಡಂ ಮೊದಲ ಸಲ ನಿಧಾನವಾಗಿ ಮಾತಾಡಿದರು. “ನೋಡಮ್ಮ, ಇಲ್ಲಿ ಕೂತು ಬರೆದದ್ದು ಇಲ್ಲೀದೇ. ತೆಗೆಯೋಕಾಗಲ್ಲ. ನನ್ನ ಮೇಲಿನವರೆಲ್ಲ ಅದನ್ನೇ ತೋರಿಸ್ಕೊಂಡು ಓಡಾಡ್ತಿದಾರೆ. ನಿಂಗೆ ಆಗಲ್ಲ ಅಂದ್ರೆ ಬಿಡು, ನಾನು ಬಲವಂತ ಮಾಡಲ್ಲ. ದಿಂಬಿನವನಿಗೆ ಕೊಡ್ತೀನಿ.”

ದಿಂಬಿನವನು ಎಂದರೆ ಪಕ್ಕದ ಮೇಜಿನಲ್ಲಿ ದಿಂಬುಗಳ ಬಗ್ಗೆ ಬರೆಯುವ ಬ್ರಹ್ಮಚಾರಿ. ಮಗು ಅಳುವುದನ್ನು ಹತ್ತಿರದಿಂದ ಕೇಳಿದ್ದು ತಾನು ಮಗುವಾಗಿದ್ದಾಗ ಮಾತ್ರ. ಇವಳು ಬೇಡಿಕೊಂಡಳು, ದನಿಯೇರಿಸಿದಳು, ಕೊನೆಗೆ ತನ್ನ ಮೇಜಿಗೆ ಮರಳಿದಳು. ಎರಡು ದಿನ ಮನೆಯಲ್ಲಿ ಕೂರುವ ಮಾತು ಅಲ್ಲಿಗೇ ಮುಗಿಯಿತು. ಮತ್ತೆ ಬೆನ್ನುನೋವು, ಮತ್ತೆ ಫೋಮು.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಮಗಳು ಕೇಳಿದಳು. “ಅಳಿಸಿದ್ಯಾ?”

“ಅಳಿಸೋಕೆ ಬಿಡಲಿಲ್ಲ ಮರಿ. ಅದು ಕಂಪನೀದಂತೆ.”

“ಅದು ನಂದು,” ಎಂದಳು ಮಗಳು. ಅಷ್ಟೇ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಡಿದಿದ್ದರೂ ವಾಸಿಯಿತ್ತು.

ಆಮೇಲಿನ ದಿನಗಳಲ್ಲಿ ಇವಳು ಬೆಳಿಗ್ಗೆ ಎದ್ದು ಸುಮ್ಮನೆ ಹಾಸು ಬದಲಿಸಿದಳು, ಸುಮ್ಮನೆ ಒಗೆದಳು. ಒದ್ದೆಯ ಮಾತೆತ್ತಲಿಲ್ಲ, ಲೋಟದ ಮಾತೂ ಎತ್ತಲಿಲ್ಲ. ಮಗಳು ಹಾಸನ್ನು ಬಚ್ಚಿಡುವುದನ್ನು ಬಿಟ್ಟಳು. ಮಾತಾಡಲು ಮಾತ್ರ ಶುರುಮಾಡಲಿಲ್ಲ. ಮನೆಯ ತುಂಬ ಹ್ಞೂಂ ಮತ್ತು ಏನಿಲ್ಲ.

ಹಾಸಿಗೆ ಹುಡುಗಿಯ ಎರಡನೇ ಕಂತು ಬಂದದ್ದು ಮಗಳಿಗೇ ಮೊದಲು ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಹೊರಗೆ ಆಡುತ್ತಿದ್ದವಳು ಕೆಂಡದಂಥ ಮುಖ ಹೊತ್ತು ಬಂದಳು. ಇವಳು ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಬೆಳಿಗ್ಗೆ ತೆಗೆದ ಹಾಸು ಮಷಿನ್ನಿನಲ್ಲಿ ಸುತ್ತುತ್ತಿತ್ತು.

“ಮತ್ತೆ ಬರ್ದಿದೀಯಂತೆ! ಮೇಲಿನ ಮನೆಯವನು ಹೇಳ್ದ.”

“ನಾನಲ್ಲ ಮರಿ. ಆಫೀಸಲ್ಲಿ ಬೇರೆ ಒಬ್ರು ಬರ್ದಿದಾರೆ.”

“ಸುಳ್ಳು. ಓದು.”

ಇವಳು ಫೋನು ತೆಗೆದು ಓದಿದಳು. ಚುಕ್ಕಿ ಬೆಳಿಗ್ಗೆ ಮುಗುಳ್ನಗುತ್ತ ಎದ್ದು ಮೈಮುರಿದು, “ಅಮ್ಮಾ, ಮೂರು ಪದರಗಳ ಈ ಹೊದಿಕೆ ಎಷ್ಟು ಮೃದು! ನನ್ನ ಹಾಸಿಗೆ ಗೆಳತಿಗೆ ಈಗ ಬಾಯಾರಿಕೆಯೇ ಆಗುವುದಿಲ್ಲ. ತೊಳೆಯುವುದೂ ಎಷ್ಟು ಸುಲಭ!” ಎನ್ನುತ್ತಿದ್ದಳು. ಚುಕ್ಕಿಯ ಅಮ್ಮ ಸಂತೋಷದಿಂದ ಚಪ್ಪಾಳೆ ತಟ್ಟುತ್ತಿದ್ದಳು. ಇಷ್ಟು ವರ್ಷಗಳ ಮೇಲೆ ಇವಳು ಬರೆದ ಒಂದೇ ಒಂದು ಒಳ್ಳೆಯ ಪುಟವನ್ನು ಪಾಪಿ ದಿಂಬಿನವನು ಹೀಗೆ ಸಾಯಿಸಿದ್ದ.

ಮಗಳು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. “ಇನ್ನೊಂದ್ಸಲ ಓದು.”

ಇನ್ನೊಂದು ಸಲ ಓದಿದಳು.

“ನಾನು ಹಂಗೆ ಹೇಳೇ ಇಲ್ಲ.”

“ಇಲ್ಲ. ನೀನು ಹೇಳಿಲ್ಲ.”

“ಪದರ ಅಂದ್ರೇನು?”

ಇವಳು ಒಂದು ಟವೆಲನ್ನು ಮಡಚಿ ತೋರಿಸಿದಳು. ಮಗಳು ಅದರ ಪದರಗಳನ್ನು ಬೆರಳಿಟ್ಟು ಎಣಿಸಿದಳು. “ಇವಳು ನಾನಲ್ಲ,” ಎಂದಳು ಆಮೇಲೆ. “ಇವಳು ಬೇರೆ ಯಾರೋ. ಪೆದ್ದು.”

“ಶುದ್ಧ ಪೆದ್ದು,” ಎಂದಳು ಇವಳು.

ಮಗಳ ತುಟಿಯ ಕೊನೆ ಅಲುಗಿತು. “ಹಾಸಿಗೆ ಹತ್ರ ಯಾರಾದ್ರೂ ಹಂಗೆ ಮಾತಾಡ್ತಾರಾ? ಎಷ್ಟು ಮೃದು ಅಂತೆ! ಅದಕ್ಕೆ ಹಂಗಂದ್ರೆ ಸಿಟ್ಟು ಬರತ್ತೆ. ಅದು ಯಾಕೆ ಕುಡಿಯತ್ತೆ ಅಂತಾನೇ ಇವಳಿಗೆ ಗೊತ್ತಿಲ್ಲ.”

“ಯಾಕೆ ಕುಡಿಯತ್ತೆ?”

ಬಾಯಿಂದ ಬಿದ್ದೇಹೋಗಿತ್ತು ಮಾತು. ಮಗಳು ತಟ್ಟನೆ ನಿಲ್ಲಿಸಿದಳು. ಅಮ್ಮನ ಮುಖ ನೋಡಿದಳು, ಫೋನು ನೋಡಿದಳು. ಹತ್ತಿರ ಬಂದು ಫೋನನ್ನು ತೆಗೆದು ಮಡಚಿದ ಬಟ್ಟೆಗಳ ಅಡಿಗೆ ತಳ್ಳಿದಳು.

“ಕೈ ಕೊಡು.”

ಇವಳು ಒಂದು ಕೈ ಚಾಚಿದಳು.

“ಎರಡೂ.”

ಎರಡೂ ಚಾಚಿದಳು. ಮಗಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಅಮ್ಮನ ಎರಡೂ ಕೈಗಳ ಹೆಬ್ಬೆರಳುಗಳನ್ನು ತನ್ನ ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದುಕೊಂಡಳು. ಎಲ್ಲೂ ಸಡಿಲವಿಲ್ಲವೆಂದು ಒಮ್ಮೆ ಎಳೆದು ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿ, ಹೇಳತೊಡಗಿದಳು.

ಏನು ಹೇಳಿದಳು ಎನ್ನುವುದು ಅವರಿಬ್ಬರಲ್ಲೇ ಇರಲಿ. ಹೇಳಿ ಮುಗಿಯಲು ತುಂಬ ಹೊತ್ತು ಹಿಡಿಯಿತು. ನಡುವೆ ವಾಷಿಂಗ್ ಮಷಿನ್ನು ಕೆಲಸ ಮುಗಿಸಿ ಕೂಗಿತು, ಸ್ವಲ್ಪ ಬಿಟ್ಟು ಮತ್ತೊಮ್ಮೆ ಕೂಗಿತು. ಯಾರೂ ಏಳಲಿಲ್ಲ.